ಕೈ ಹಚ್ಚಬ್ಯಾಡ್ರಿ

ಕಳೆದ ತಿಂಗಳು ಬನಹಟ್ಟಿಯ ಶ್ರದ್ಧಾಂಜಲಿ ಸಭೆಯಲ್ಲಿ ನಾನು ನಕ್ಕುಬಿಟ್ಟೆ. ನಗಬಾರದಿತ್ತು ಎಂದು ಆಮೇಲೆ ಕೆಲವರು ಬಂದು ಬುದ್ಧಿ ಹೇಳಿದರು. ಹೇಳಲಿ. ಊರೆಲ್ಲ ಅಕ್ಕ ಎನ್ನುತ್ತಿದ್ದ ಆಕೆಯ ಫೋಟೋಕ್ಕೆ ಹಾರ ಹಾಕಿದ್ದರು, ಊದುಬತ್ತಿ ಉರಿಯುತ್ತಿತ್ತು. ಊರಿನ ಹಿರಿಯರೊಬ್ಬರು ಮೈಕು ಹಿಡಿದು, ಅಕ್ಕಾರು ಬಹಳ ಮೃದು ಸ್ವಭಾವದವರು, ಜೀವಮಾನದಲ್ಲಿ ಯಾರಿಗೂ ಒಂದು ಮಾತು ಏರಿಸಿ ಆಡಿದವರಲ್ಲ ಎಂದರು. ಇದೇ ಹಿರಿಯರು ಇದೇ ಅಕ್ಕನ ಬಾಯಿಗೆ ಸಿಕ್ಕು ಬಸ್‌ಸ್ಟ್ಯಾಂಡಿನಲ್ಲಿ ಬೆವರು ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡವಳು. ನಗು ಬರದೆ ಇನ್ನೇನು ಬಂದೀತು?

ಸತ್ತವರನ್ನು ಮೆತ್ತಗೆ ಮಾಡಿ ಮಡಚಿ ಇಡುವುದು ನಮ್ಮ ಜನಕ್ಕೆ ಅಂಟಿದ ಚಟ. ಅಕ್ಕ ಮೆತ್ತಗಿರಲಿಲ್ಲ. ಶುದ್ಧ ಜಗಳಗಂಟಿ. ಮಗ್ಗದ ಮನೆಯಲ್ಲಿ ಕೆಲಸ ಮಾಡುತ್ತಿರುವಾಗಲೇ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಏಳಲು ಬಂದಿದ್ದರೆ ಆ ಸಭೆಗೆ ಬಂದು ಮೈಕು ಕಸಿದುಕೊಳ್ಳುತ್ತಿದ್ದಳು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಯಾರಾದರೂ ಅದನ್ನು ಒಂದು ಸರ್ಕಲ್ಲಿಗೆ ಇಟ್ಟು, ವರ್ಷಕ್ಕೊಮ್ಮೆ ಅಲ್ಲಿ ನಿಂತು ಮತ್ತಷ್ಟು ಸುಳ್ಳು ಹೇಳುತ್ತಾರೆ.

ಅಕ್ಕನ ಗಂಟಲಿಗೆ ಒಂದು ಕಾರಣವಿತ್ತು. ರಬಕವಿಯಲ್ಲಿ ಹುಟ್ಟಿ ಬನಹಟ್ಟಿಗೆ ಮದುವೆಯಾಗಿ ಹೋದವಳು. ತವರಲ್ಲೂ ಪವರ್‌ಲೂಮ್, ಗಂಡನ ಮನೆಯಲ್ಲೂ ಪವರ್‌ಲೂಮ್. ಆ ಮಗ್ಗಗಳು ಖಟಾಖಟ್ ಶುರುವಾದರೆ ಪಕ್ಕದಲ್ಲಿ ನಿಂತವರಿಗೂ ಕೂಗಿಯೇ ಹೇಳಬೇಕು. ಹಾಗೆ ಕೂಗಿ ಕೂಗಿ ಆಕೆಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಚಹಾ ಬೇಕೇನು ಎಂದು ಕೇಳಿದರೂ ಪಕ್ಕದ ಓಣಿಯವರು ಬಂದು ಕೂರುವಷ್ಟು ದೊಡ್ಡ ಧ್ವನಿ. ಆದರೆ ಅದೇ ಗದ್ದಲದಲ್ಲಿ ಎಲ್ಲೋ ಒಂದು ಎಳೆ ಹರಿದರೆ ಆಕೆಯ ಕಿವಿಗೆ ಮೊದಲು ಗೊತ್ತಾಗುತ್ತಿತ್ತು. ಸೈಕಲ್ ಹೊಡೆಯುವಾಗಲೂ ಹಾಗೆಯೇ. ನಾವಿಬ್ಬರೂ ಹೋಗುತ್ತಿರುವಾಗ ಇದ್ದಕ್ಕಿದ್ದಂತೆ, ನಿನ್ನ ಹಿಂದಿನ ಗಾಲಿ ಅಳಾಕತ್ತೈತಿ ನೋಡು ಎನ್ನುತ್ತಿದ್ದಳು. ಇಳಿದು ನೋಡಿದರೆ ಒಂದು ಕಡ್ಡಿ ಸಡಿಲಾಗಿರುತ್ತಿತ್ತು.

ಶಾಲೆಯಲ್ಲಿದ್ದಾಗ ಸೈಕಲ್ ಶರ್ಯತ್ತುಗಳಲ್ಲಿ ಓಡುತ್ತಿದ್ದಳಂತೆ. ನಮ್ಮ ಕಡೆ ಇದು ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ಎಲ್ಲಿ ಹೋದರೂ ಬೆಳಿಗ್ಗೆ ರಸ್ತೆಯ ಮೇಲೆ ಹ್ಯಾಂಡಲ್ಲಿಗೆ ಬಾಗಿದ ಹುಡುಗರು ಕಾಣುತ್ತಾರೆ. ಮದುವೆಯಾದ ಮೇಲೆ ಬಿಟ್ಟಳು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹಿಡಿದಳು. ಹಳೆಯ ಗೇರ್ ಸೈಕಲ್ಲೊಂದರ ಚೌಕಟ್ಟು ತಂದು, ಬಿಡಿಭಾಗ ಒಂದೊಂದಾಗಿ ಹೊಂದಿಸಿ ತಾನೇ ಕಟ್ಟಿದಳು. ಚೂಡಿದಾರದ ಪ್ಯಾಂಟು ಚೈನಿಗೆ ಸಿಗಬಾರದೆಂದು ಮೊಣಕಾಲ ಕೆಳಗೆ ಟ್ಯೂಬಿನ ರಬ್ಬರು ಸುತ್ತಿಕೊಂಡು ಓಣಿಯಿಂದ ಹೊರಟರೆ ಜಗುಲಿ ಮೇಲೆ ಕೂತವರ ಮಾತು ನಿಲ್ಲುತ್ತಿತ್ತು. ಅತ್ತೆ ಒಮ್ಮೆ, ಈ ವಯಸ್ಸಿನಾಗ ಇದೇನ ಬೇ, ಮಂದಿ ಏನಂದಾರು ಎಂದರಂತೆ. ಮಂದಿ ಅನ್ನೋದನ್ನ ಕೇಳಬಾರದಂತನ ಜೋರ ಹೊಡೀತೇನ್ರಿ ಅತ್ತಿ ಎಂದು ಹೇಳಿ ಹೋದಳಂತೆ. ಗಂಡ ಅಡ್ಡಿ ಮಾಡಲಿಲ್ಲ. ಅವರು ಮಾತಿನವರಲ್ಲ. ಮನೆಯಲ್ಲಿ ಮಾತಿನ ಕೋಟಾ ಪೂರ್ತಿ ಅಕ್ಕನೇ ಖರ್ಚು ಮಾಡುತ್ತಿದ್ದಳು.

ನನಗೆ ಆಕೆಯ ಪರಿಚಯವಾದದ್ದು ಜಮಖಂಡಿ–ಮುಧೋಳ ರಸ್ತೆಯ ಮೇಲೆ. ಆಗ ನಾನು ಜಮಖಂಡಿ ಕೋರ್ಟಿನಲ್ಲಿ ಹೊಸದಾಗಿ ಕರಿಕೋಟು ತೊಟ್ಟಿದ್ದೆ. ಕೇಸು ಬರುತ್ತಿರಲಿಲ್ಲ, ಮೈ ಬರುತ್ತಿತ್ತು. ಮೈ ಇಳಿಸಲೆಂದು ಸೈಕಲ್ ತಂದಿದ್ದೆ. ಒಂದು ಮುಂಜಾನೆ ಊರಿನಿಂದ ಬಹಳ ದೂರ ಬಂದ ಮೇಲೆ ಚೈನು ಬಿತ್ತು. ಏನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ಎದುರಿನಿಂದ ಆಕೆ ಬಂದಳು, ಇಳಿದಳು. ಬದುಕಿದೆ ಅಂದುಕೊಂಡೆ. ಆಕೆ ಕೈಕಟ್ಟಿ ನಿಂತಳು. ಸ್ವಲ್ಪ ಹಾಕಿಕೊಡ್ರಿ ಎಂದೆ. ಆಕೆ ತಲೆ ಅಲ್ಲಾಡಿಸಿದಳು.

"ನಾ ಹಾಕೂದಿಲ್ಲ. ನೀನ ಹಾಕು. ನಾ ನಿಂತಿರತೇನಿ."

ಎಂಥ ಕೆಟ್ಟ ಹೆಂಗಸು ಎಂದು ಮನಸ್ಸಿನಲ್ಲೇ ಬೈಯುತ್ತ ಹಾಕತೊಡಗಿದೆ. ಚೈನು ಒಂದು ಕಡೆ ಕೂತರೆ ಇನ್ನೊಂದು ಕಡೆ ಜಾರುತ್ತಿತ್ತು. ಬಿಸಿಲು ಏರಿತು. ಆಕೆ ಕದಲಲಿಲ್ಲ, ತನ್ನ ಕೆಲಸಕ್ಕೆ ತಡವಾಗುತ್ತಿದೆ ಎನ್ನಲೂ ಇಲ್ಲ. ಯಾವ ಹಲ್ಲಿನ ಮೇಲೆ ಮೊದಲು ಕೂರಿಸಬೇಕು, ಯಾವ ಕಡೆ ಪೆಡಲು ತಿರುಗಿಸಬೇಕು ಎಂದು ಮಾತ್ರ ಕೂಗಿ ಹೇಳುತ್ತಿದ್ದಳು. ಕೊನೆಗೆ ಚೈನು ಕೂತಿತು. ನನ್ನ ಎರಡೂ ಕೈ ಕರ್ರಗಾಗಿದ್ದವು, ಬಿಳಿ ದುಪಟ್ಟಾದ ಮೇಲೂ ಮಸಿ. ಆಕೆ ಅದನ್ನು ನೋಡಿ ಮೊದಲ ಸಲ ನಕ್ಕು, ಈಗ ನೀ ಸೈಕಲ್ ಹೊಡಿಯಾಕಿ ಆದಿ ಎಂದಳು. ಮರುದಿನದಿಂದ ನಾನು ಆಕೆಯ ಹಿಂದೆ ಬಿದ್ದೆ.

ಹಿಂದೆ ಬಿದ್ದೆ ಎಂದರೆ ನಿಜವಾಗಿಯೂ ಹಿಂದೆಯೇ. ಆಕೆ ನನಗಾಗಿ ಎಂದೂ ನಿಧಾನ ಮಾಡಿದವಳಲ್ಲ. ಭಾನುವಾರ ಗಲಗಲಿಗೆ ಹೋಗುತ್ತಿದ್ದೆವು. ನಾನು ಏದುಸಿರು ಬಿಡುತ್ತ ಮುಟ್ಟುವ ಹೊತ್ತಿಗೆ ಆಕೆ ಕೃಷ್ಣೆಯ ದಂಡೆಯಲ್ಲಿ ಕಾಲು ನೀರಿಗೆ ಬಿಟ್ಟು ಕೂತು, ರೊಟ್ಟಿ ಮತ್ತು ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿರುತ್ತಿದ್ದಳು. ಆಕೆ ಸುಮ್ಮನಿರುತ್ತಿದ್ದದ್ದು ಅಲ್ಲಿ ಮಾತ್ರ. ನಾನು ಕೋರ್ಟಿನ ಕಥೆ ತೆಗೆದರೆ, ನೀರ ನೋಡು, ಬಾಯಿ ಮುಚ್ಚು ಎನ್ನುತ್ತಿದ್ದಳು. ವಕೀಲೆಗೆ ಹಾಗೆ ಹೇಳಿ ಉಳಿದವರು ಬಹಳ ಇಲ್ಲ. ನಾನು ಬಾಯಿ ಮುಚ್ಚಿ ನೀರು ನೋಡುತ್ತಿದ್ದೆ.

ಆ ವರ್ಷ ಜಮಖಂಡಿಯ ಯುವಕ ಸಂಘವೊಂದು ದೊಡ್ಡ ಶರ್ಯತ್ತು ಇಟ್ಟಿತು. ಜಮಖಂಡಿಯಿಂದ ಹೊರಟು ರಬಕವಿ, ಬನಹಟ್ಟಿ ದಾಟಿ, ಸಮೀರವಾಡಿ ಮೇಲೆ ಹಾಯ್ದು, ಮುಧೋಳ ಹೊಕ್ಕು, ತಿರುಗಿ ಜಮಖಂಡಿಗೆ. ನಮ್ಮ ನಾಡನ್ನು ಒಂದು ಸುತ್ತು ಹಾಕಿದ ಹಾಗೆ. ಅಕ್ಕ ನನ್ನನ್ನೂ ಎಳೆದುಕೊಂಡು ಹೆಸರು ಕೊಡಲು ಹೋದಳು. ಸಂಘದ ಅಧ್ಯಕ್ಷರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಕೆಟ್ಟವರಲ್ಲ ನೋಡಿ, ಅದೇ ತೊಂದರೆ. ಹೆಣ್ಣುಮಕ್ಕಳಿಗೆ ಬೇರೆಯೇ ವ್ಯವಸ್ಥೆ ಮಾಡಿದ್ದೇವೆ ಎಂದರು. ಶಾಲೆಯ ಮೈದಾನದಲ್ಲಿ, ನೆರಳಿನಲ್ಲಿ, ಸ್ಲೋ ಸೈಕಲ್ ಸ್ಪರ್ಧೆ. ಯಾರು ಎಲ್ಲರಿಗಿಂತ ನಿಧಾನ ಹೊಡೆಯುತ್ತಾರೋ ಅವರಿಗೆ ಬಹುಮಾನ, ಜೊತೆಗೆ ರಂಗೋಲಿ ಸ್ಪರ್ಧೆಯೂ ಇದೆ ಎಂದರು.

ಅಕ್ಕ ಚಹಾದ ಕಪ್ಪು ಕೆಳಗಿಟ್ಟಳು. "ನಿಧಾನ ಹೊಡಿಯೂದಕ್ಕ ಬಹುಮಾನ ಕೊಡತೀರಿ. ಜೋರ ಹೊಡಿಯೂದಕ್ಕ ನಮಗ ಇಲ್ಲೇನ್ರಿ?" ಎಂದಳು. ಆ ಧ್ವನಿಗೆ ಹೊರಗೆ ನಿಂತ ಹುಡುಗರು ಒಳಗೆ ಇಣುಕಿದರು.

ಅಧ್ಯಕ್ಷರು ರಸ್ತೆಯ ಬಗ್ಗೆ ಹೇಳಿದರು, ಕಬ್ಬಿನ ಟ್ರ್ಯಾಕ್ಟರುಗಳ ಬಗ್ಗೆ ಹೇಳಿದರು, ಸೈಕಲ್ ಕೆಟ್ಟು ಹೆಣ್ಣುಮಗಳು ನಡುದಾರಿಯಲ್ಲಿ ನಿಂತರೆ ಗತಿಯೇನು ಎಂದರು. ಮುರದರ ಸೈಕಲ್ ಮುರೀತೈತಿ, ಕಾಲ ಮುರಿಯೂದಿಲ್ಲ ಎಂದಳು ಅಕ್ಕ. ಬಹಳ ಹೊತ್ತು ಜಗ್ಗಾಟವಾಯಿತು. ಕೊನೆಗೆ ಅವರು ಸೋತು, ಅಥವಾ ಬೇಸತ್ತು, ಒಂದು ಶರತ್ತು ಹಾಕಿದರು. ಈ ವರ್ಷ ಗಂಡಸರ ಶರ್ಯತ್ತಿನಲ್ಲೇ ನೀವಿಬ್ಬರೂ ಓಡಿ. ನಿಮ್ಮಲ್ಲಿ ಒಬ್ಬರಾದರೂ, ಯಾರ ಸಹಾಯವೂ ಇಲ್ಲದೆ, ಬಹುಮಾನ ವಿತರಣೆ ಮುಗಿಯುವುದರೊಳಗೆ ಗೆರೆ ಮುಟ್ಟಿದರೆ ಬರುವ ವರ್ಷದಿಂದ ಯಾವ ಹುಡುಗಿ ಬಂದರೂ ಹೆಸರು ಬರೆದುಕೊಳ್ಳುತ್ತೇವೆ. ಮುಟ್ಟದಿದ್ದರೆ ಈ ಮಾತು ಮತ್ತೆ ಎತ್ತಬಾರದು, ಸ್ಲೋ ಸೈಕಲ್ಲೇ ಖಾಯಂ. ಅಕ್ಕ ಎದ್ದು ನಿಂತು ಆತು ಎಂದಳು. ನನ್ನನ್ನು ಕೇಳಲೂ ಇಲ್ಲ.

ನಮ್ಮ ಕಡೆಯ ಶರ್ಯತ್ತಿಗೆ ಒಂದು ಪದ್ಧತಿಯಿದೆ. ಹೊರಡುವ ಮುಂಚೆ ಪ್ರತಿ ಸೈಕಲ್ಲಿನ ಚೌಕಟ್ಟಿಗೂ ಕೆಂಪು ಬಣ್ಣ ಹಚ್ಚುತ್ತಾರೆ. ಆ ಬಣ್ಣದ ಸೈಕಲ್ಲು ಮತ್ತು ಅದರ ಸವಾರ ಇಬ್ಬರೂ ಕೂಡಿ ಗೆರೆ ದಾಟಬೇಕು. ದಾರಿಯಲ್ಲಿ ಸೈಕಲ್ ಬದಲಿಸುವಂತಿಲ್ಲ. ಸೈಕಲ್ಲಿಗಾಗಲಿ ಸವಾರರಿಗಾಗಲಿ ಬೇರೆಯವರ ಕೈ ಹತ್ತುವಂತಿಲ್ಲ. ನೀರು ಕುಡಿಸಬಹುದು, ಬೇಕಾದ ಸಾಮಾನು ನೆಲದ ಮೇಲಿಟ್ಟು ಸರಿಯಬಹುದು, ಅಷ್ಟೇ. ಕೇಳಲು ಸುಲಭ. ಆದರೆ ನಮ್ಮ ಮಂದಿಗೆ ಇದು ಎಂದೂ ತಿಳಿದಿಲ್ಲ. ರಸ್ತೆಯಲ್ಲಿ ಯಾರಾದರೂ ಸೈಕಲ್ ಇಳಿದರೆ ಸಾಕು, ಹೊಲದಲ್ಲಿದ್ದವರು ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಓಡಿಬರುತ್ತಾರೆ. ಏರು ಕಂಡರೆ ಬೆನ್ನಿಗೆ ಕೈಹಚ್ಚಿ ನೂಕುತ್ತಾರೆ. ಪ್ರತಿ ವರ್ಷ ಪಂಕ್ಚರಿನಿಂದ ಹೊರಬಿದ್ದವರಿಗಿಂತ ಪ್ರೀತಿಯಿಂದ ಹೊರಬಿದ್ದವರೇ ಹೆಚ್ಚು.

ನಾನು ಹಾಗೆಯೇ ಹೊರಬಿದ್ದೆ. ರಬಕವಿಯ ಹತ್ತಿರ ಸಣ್ಣದೊಂದು ಏರು. ಅಲ್ಲಿ ನನ್ನ ಸ್ವಂತ ಸೋದರಮಾವ ಕಾದು ನಿಂತಿದ್ದ. ಬಿಳಿ ಟೋಪಿ, ಹೊಸ ಅಂಗಿ. ಸೊಸೆ ಗಂಡಸರ ಜೊತೆ ಓಡುತ್ತಾಳೆಂದು ಊರಿಗೆಲ್ಲ ಹೇಳಿ ಮಂದಿ ಕೂಡಿಸಿದ್ದ. ನಾನು ಉಸಿರು ಬಿಡುತ್ತ ಏರು ಹತ್ತುವುದನ್ನು ಕಂಡು ಅವನ ಕರುಳು ಚುರ್ ಎಂದಿತು. ಹೊಡಿ ನನ್ನವ್ವಾ ಎನ್ನುತ್ತ ಓಡಿಬಂದು ಬೆನ್ನಿಗೆ ಎರಡೂ ಕೈ ಕೊಟ್ಟು ಏರು ಮುಗಿಯುವವರೆಗೂ ನೂಕಿದ. ಹಿಂದೆಯೇ ಮೋಟರ್‌ಸೈಕಲ್ಲಿನಲ್ಲಿ ತೀರ್ಪು ಕೊಡುವ ಪಂಚರು. ಅವರು ಸೀಟಿ ಊದಿದರು, ನಾನು ಹೊರಗೆ. ಮಾವ ಇವತ್ತಿಗೂ ಮದುವೆ ಮುಂಜಿಗಳಲ್ಲಿ, ಅಕಿನ್ನ ಏರು ಹತ್ತಿಸಿದಾಂವ ನಾನ ಎಂದು ಹೇಳಿಕೊಳ್ಳುತ್ತಾನೆ.

ಸೋತವರನ್ನು ತುಂಬಿಕೊಳ್ಳಲು ಎಲ್ಲರ ಹಿಂದೆ ಒಂದು ಟೆಂಪೋ ಬರುತ್ತಿತ್ತು. ಅದರಲ್ಲಿ ಸಂಘದ ಕಡೆಯಿಂದ ಕಿರಾಣಿ ಅಂಗಡಿಯ ಸಾವುಕಾರರೊಬ್ಬರು, ನೀರು, ಬಾಳೆಹಣ್ಣು. ನನ್ನನ್ನೂ ನನ್ನ ಸೈಕಲ್ಲನ್ನೂ ಅದಕ್ಕೆ ಹತ್ತಿಸಿದರು. ಮೊದಲೇ ಕೆಲವು ಗಂಡಸರು ಅದರಲ್ಲಿದ್ದರು. ಒಬ್ಬನ ಚೈನು ಹರಿದಿತ್ತು, ಒಬ್ಬನ ಕಾಲು ಹಿಡಿದಿತ್ತು, ಒಬ್ಬನಿಗೆ ಸುಮ್ಮನೆ ಸಾಕಾಗಿತ್ತು. ಯಾವ ಮುಜುಗರವೂ ಇಲ್ಲದೆ ಬಾಳೆಹಣ್ಣು ಸುಲಿಯುತ್ತ ಕೂತಿದ್ದರು. ಅವರು ಸೋತರೆ ಅವರೊಬ್ಬರೇ ಸೋತಂತೆ. ನಾನು ಸೋತದ್ದಕ್ಕೆ ಇಡೀ ಭಾರ ಈಗ ಅಕ್ಕನೊಬ್ಬಳ ಮೇಲೆ ಬಿದ್ದಿತ್ತು. ನಾನು ಬಾಳೆಹಣ್ಣು ಮುಟ್ಟಲಿಲ್ಲ.

ಸಮೀರವಾಡಿ ದಾಟಿದ ಮೇಲೆ ಟೆಂಪೋ ನಿಧಾನವಾಯಿತು. ಇಣುಕಿ ನೋಡಿದೆ. ರಸ್ತೆ ಬದಿಗೆ ಅಕ್ಕ, ತಲೆಕೆಳಗು ಮಾಡಿಟ್ಟ ಸೈಕಲ್ಲು. ಕಬ್ಬು ನುರಿಯುವ ಕಾಲ, ಟ್ರೇಲರುಗಳಿಂದ ಉದುರಿದ ಕಬ್ಬಿನ ಜಲ್ಲೆ ದಾರಿಯುದ್ದಕ್ಕೂ ಬಿದ್ದಿತ್ತು. ಅಂಥದೊಂದು ಜಲ್ಲೆ ಹಿಂದಿನ ಗಾಲಿಗೆ ಸಿಕ್ಕಿ, ಆಕೆ ನಿಲ್ಲಬಾರದೆಂದು ಪೆಡಲಿನ ಮೇಲೆ ಎದ್ದು ನಿಂತು ಒದ್ದಿದ್ದಾಳೆ. ಜಲ್ಲೆ ಮುರಿದಿದೆ, ಜೊತೆಗೆ ಫ್ರೀವೀಲೂ ಹೋಗಿದೆ. ಕಾಲು ನಿಲ್ಲಿಸಿದರೂ ಗಾಲಿ ತನ್ನಷ್ಟಕ್ಕೆ ತಿರುಗಲು ಬಿಡುತ್ತದಲ್ಲ, ಟಿಕಟಿಕ ಎನ್ನುತ್ತದಲ್ಲ, ಅದು. ಅದರೊಳಗಿನ ಹಿಡಿತ ಮುರಿದರೆ ಪೆಡಲು ಎಷ್ಟು ತುಳಿದರೂ ಹಲ್ಲಿನ ಚಕ್ರ ಬರಿದೇ ತಿರುಗುತ್ತದೆ, ಗಾಲಿ ಕದಲುವುದಿಲ್ಲ. ಅದನ್ನು ರಿಪೇರಿ ಮಾಡಲು ಅಂಗಡಿಗೇ ಹೋಗಬೇಕು. ಟೆಂಪೋದಲ್ಲಿದ್ದ ಗಂಡಸರು ಒಂದೇ ನೋಟಕ್ಕೆ ಮುಗೀತು ಎಂದರು, ಆಕೆಗೆಂದು ಸರಿದು ಜಾಗ ಮಾಡಿದರು.

ಆಗಲೇ ಕಬ್ಬು ಕಡಿಯುವವರೆಲ್ಲ ಓಡಿಬಂದಿದ್ದರು. ಒಬ್ಬ ಗಾಲಿ ಹಿಡಿಯಲು ಬಾಗಿದ. ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಕಬ್ಬಿನ ಮ್ಯಾಲ ಸೈಕಲ್ ಒಗೀರಿ ಅಕ್ಕಾರ, ಮುಧೋಳಕ್ಕ ಬಿಡತೇನಿ ಎಂದ. ಅಕ್ಕ ಎದ್ದು ನಿಂತಳು.

"ಯಾರೂ ಕೈ ಹಚ್ಚಬ್ಯಾಡ್ರಿ!"

ಅಂಥ ಕೂಗು ಆ ಹೊಲಗಳು ಕೇಳಿರಲಿಕ್ಕಿಲ್ಲ. ಎಲ್ಲರೂ ಹಿಂದೆ ಸರಿದರು. ಇಕ್ಕಳ ಹಿಡಿದು ಬಂದಿದ್ದ ಒಬ್ಬ ಮುದುಕ ಮಾತ್ರ ಅಲ್ಲೇ ನಿಂತು, ಏನ್ ಹೆಣ್ಮಗಳವಾ ಇಕಿ, ಸಹಾಯಕ್ಕ ಬಂದವರನ್ನ ನಾಯಿಗತೆ ಓಡಸತಾಳು ಎಂದು ಗೊಣಗಿದ. ಅಕ್ಕನಿಗೆ ಅದು ಮುಟ್ಟಿತೋ ಏನೋ, ಧ್ವನಿ ತಗ್ಗಿಸಿದಳು. ತಗ್ಗಿಸಿದ್ದೂ ನಮಗೆಲ್ಲ ಕೇಳಿಸಿತು. ಅಜ್ಜಾರ, ಇಕ್ಕಳ ನೆಲದ ಮ್ಯಾಲ ಇಡ್ರಿ, ನಾ ತಗೋತೇನಿ. ಇನ್ನೂ ಸಹಾಯ ಮಾಡಬೇಕಂದ್ರ ಯಾರೂ ನನ್ನ ಹತ್ರ ಬರದಂಗ ನೋಡಕೋರಿ ಎಂದಳು. ಮುದುಕ ಇಕ್ಕಳ ಇಟ್ಟ. ಕಬ್ಬಿನ ಜಲ್ಲೆಯೊಂದನ್ನು ಕೈಗೆ ತೆಗೆದುಕೊಂಡು, ಮಂದಿಗೆ ಮುಖ ಮಾಡಿ ಕಾವಲು ನಿಂತ. ಮೊಮ್ಮಗ ಫೋನಿನಲ್ಲಿ ವಿಡಿಯೋ ಮಾಡಲು ಮುಂದೆ ಬಂದರೆ ಅವನಿಗೂ ಜಲ್ಲೆ ತೋರಿಸಿದ.

ಅಕ್ಕ ಸೊಂಟಕ್ಕೆ ಸುತ್ತಿಕೊಂಡಿದ್ದ ದಾರ ಬಿಚ್ಚಿದಳು. ಮಗ್ಗಕ್ಕೆ ಕಟ್ಟುವ ಗಟ್ಟಿ ನೈಲಾನ್ ದಾರ. ಅದನ್ನು ಹಲ್ಲಿನಿಂದ ತುಂಡು ಮಾಡಿ, ಎಲ್ಲಕ್ಕಿಂತ ದೊಡ್ಡ ಹಲ್ಲಿನ ಚಕ್ರವನ್ನು ಗಾಲಿಯ ಕಡ್ಡಿಗಳಿಗೆ ಒಂದೊಂದಾಗಿ ಬಿಗಿಯತೊಡಗಿದಳು. ಸುತ್ತು, ಗಂಟು, ಇಕ್ಕಳದಿಂದ ಎಳೆತ. ಮತ್ತೆ ಸುತ್ತು, ಗಂಟು. ನೇಕಾರರ ಗಂಟು, ಎಳೆದಷ್ಟೂ ಬಿಗಿಯಾಗುವಂಥದು. ಈಗ ಹಲ್ಲಿನ ಚಕ್ರ ತಿರುಗಿದರೆ ಗಾಲಿಯೂ ತಿರುಗಲೇಬೇಕು. ಆದರೆ ಇನ್ನು ಕಾಲು ನಿಲ್ಲಿಸುವಂತಿಲ್ಲ. ಇಳುಕಲಿರಲಿ, ತಿರುವಿರಲಿ, ಗಾಲಿ ಉರುಳುವವರೆಗೆ ಪೆಡಲೂ ತಿರುಗುತ್ತಲೇ ಇರುತ್ತದೆ. ಒಂದು ಗಳಿಗೆ ಕಾಲು ತಡೆದರೂ ಚೈನು ಸಡಿಲಾಗಿ ಸಿಕ್ಕಿಬೀಳುತ್ತದೆ. ಇದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸಾವುಕಾರರು ಟೆಂಪೋದಿಂದ ಇಳಿದು ಆಕೆಯ ಹತ್ತಿರ ಹೋದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಸಾಕ ಮಾಡವಾ, ಇಷ್ಟ ಮಾಡಿದ್ದ ಬಾಳಾತು, ಗಾಡ್ಯಾಗ ಬಂದು ಕುಂದ್ರು ಎಂದರು. ಅಕ್ಕ ಕೊನೆಯ ಗಂಟನ್ನು ಹಲ್ಲಿನಿಂದ ಎಳೆದು ಬಿಗಿದು, ಸೈಕಲ್ಲು ನೆಟ್ಟಗೆ ಮಾಡಿದಳು.

"ಸಾವುಕಾರ್ರ, ನಾ ಹತ್ತಿದ್ನಿ ಅಂದ್ರ ಬರೋ ವರ್ಸದ ಹುಡುಗ್ಯಾರನ್ನೂ ನನ್ನ ಜೋಡಿ ನಿಮ್ಮ ಗಾಡ್ಯಾಗ ಹತ್ತಿಸಿಕೊಂಡಂಗ. ಜಾಗಾ ಸಾಲೂದಿಲ್ಲ ನಿಮಗ."

ಹತ್ತಿ ಹೊರಟಳು. ಆಮೇಲಿನ ದಾರಿಯನ್ನು ನಾನು ಟೆಂಪೋದ ಮುಂದಿನ ಹಲಗೆಗೆ ಒರಗಿ ನಿಂತೇ ನೋಡಿದೆ. ಇಳುಕಲಿನಲ್ಲಿ ಎಲ್ಲರೂ ಕಾಲಿಗೆ ಒಂದಿಷ್ಟು ಬಿಡುವು ಕೊಡುತ್ತಾರೆ. ಆಕೆಯ ಕಾಲುಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದವು. ಮುಧೋಳದ ಪೇಟೆಯಲ್ಲಿ ಬಸ್ಸು ಅಡ್ಡ ಬಂತು, ಎಮ್ಮೆ ಅಡ್ಡ ಬಂತು, ಕೈಗಾಡಿಯೊಂದು ಅಡ್ಡ ಬಂತು. ಆಕೆ ಬ್ರೇಕು ಹಿಡಿದೇ ತುಳಿಯುತ್ತಿದ್ದಳು, ತುಳಿಯುತ್ತಲೇ ಬೈಯುತ್ತಿದ್ದಳು. ಬಸ್ಸಿನ ಡ್ರೈವರನಿಗೆ ಎಮ್ಮೆ ಎಂದಳು, ಎಮ್ಮೆಗೆ ಏನೆಂದಳೋ ಕೇಳಿಸಲಿಲ್ಲ. ಟೆಂಪೋದ ಗಂಡಸರು ಬಾಳೆಹಣ್ಣು ಬಿಟ್ಟು ಎದ್ದು ನಿಂತಿದ್ದರು. ಚೈನು ಹರಿದಿದ್ದವನು, ನಮ್ಮವ್ವನಾಣಿ, ನನಗ ಇದು ಹೊಳೀಲೇ ಇಲ್ಲ ಎಂದ.

ಜಮಖಂಡಿಯಲ್ಲಿ ಗೆದ್ದವರು ಬಂದು ಎಷ್ಟೋ ಹೊತ್ತಾಗಿತ್ತು. ಸಾವುಕಾರರಿಗೆ ಫೋನು ಬಂತು, ಸಮಾರಂಭ ಶುರುವಾಗಿದೆಯಂತೆ. ಬಹುಮಾನ ವಿತರಣೆ ಮುಗಿದರೆ ಎಲ್ಲ ಮುಗಿದಂತೆ. ಆದರೆ ದೇವರಿದ್ದಾನೆ. ಅಧ್ಯಕ್ಷರು ಭಾಷಣಕ್ಕೆ ನಿಂತಿದ್ದರು. ಸೈಕಲ್ಲಿನಿಂದ ಆರೋಗ್ಯ, ಆರೋಗ್ಯದಿಂದ ದೇಶ, ದೇಶದಿಂದ ತಮ್ಮ ಬಾಲ್ಯ, ಹೀಗೆ ಹೋಗುತ್ತಿತ್ತಂತೆ. ಆ ಭಾಷಣಕ್ಕೆ ನಾನು ಇಂದಿಗೂ ಋಣಿ. ನಮ್ಮ ಕಡೆಯ ಅಧ್ಯಕ್ಷರ ಭಾಷಣದಿಂದ ಒಬ್ಬರಿಗೆ ಉಪಕಾರವಾದದ್ದು ಅದೊಂದೇ ಸಲ ಇರಬೇಕು.

ಊರು ಹೊಗುವ ಏರಿನಲ್ಲಿ ದಾರ ಹರಿಯಿತು. ಕಡ್ಡಿಗಳ ತಿಕ್ಕಾಟಕ್ಕೆ ಸವೆದು ಸವೆದು, ಒಂದರ ಹಿಂದೆ ಒಂದು ಗಂಟು ಪಟಪಟ ಎಂದು ಬಿಟ್ಟವು. ಪೆಡಲು ಬರಿದೇ ತಿರುಗಿತು. ಸೈಕಲ್ಲು ನಿಂತಿತು. ದಾರ ಉಳಿದಿರಲಿಲ್ಲ, ಹೊತ್ತೂ ಉಳಿದಿರಲಿಲ್ಲ. ಅಕ್ಕ ಇಳಿದಳು. ಒಂದು ಸಲ ಗಾಲಿ ನೋಡಿದಳು, ಒಂದು ಸಲ ಏರು ನೋಡಿದಳು. ಸೈಕಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡು ಓಡತೊಡಗಿದಳು.

ಓಟ ಎಂದರೆ ಓಟವಲ್ಲ. ಸಮೀರವಾಡಿಯಿಂದ ಪುರುಸೊತ್ತಿಲ್ಲದೆ ತಿರುಗಿದ ಕಾಲುಗಳು, ಹೆಜ್ಜೆ ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಬೀಳುತ್ತಿದ್ದವು. ರಸ್ತೆಯ ಎರಡೂ ಬದಿ ಜನ. ಹೆಣ್ಣುಮಗಳೊಬ್ಬಳು ಸೈಕಲ್ಲು ಹೊತ್ತು ತೂರಾಡುತ್ತ ಬರುವುದನ್ನು ಕಂಡು ಯಾರ ಮನಸ್ಸು ತಡೆದೀತು? ಅಂಗಡಿಯವರು ಇಳಿದರು, ಆಟೋದವರು ಇಳಿದರು, ನಾಲ್ಕೂ ಕಡೆಯಿಂದ ಕೈ ಚಾಚಿಕೊಂಡು ಬಂದರು. ಕೂಗಲು ಆಕೆಗೆ ಉಸಿರಿರಲಿಲ್ಲ. ಬಾಯಿ ತೆರೆದಳು, ಧ್ವನಿ ಹೊರಡಲಿಲ್ಲ. ಅಕ್ಕನ ಧ್ವನಿ ಹೊರಡದ್ದನ್ನು ನಾನು ಕಂಡದ್ದು ಆವತ್ತೇ. ನಾನು ಟೆಂಪೋದಿಂದ ಹಾರಿದೆ. ಆಕೆಯ ಮುಂದೆ ಓಡುತ್ತ, ಎರಡೂ ಕೈ ಅಗಲಿಸಿ, ಕೋರ್ಟಿನಲ್ಲಿ ಎಂದೂ ಬಾರದ ಧ್ವನಿಯಲ್ಲಿ ಅರಚತೊಡಗಿದೆ. ಕೈ ಹಚ್ಚಬ್ಯಾಡ್ರಿ, ಯಾರೂ ಕೈ ಹಚ್ಚಬ್ಯಾಡ್ರಿ. ಹುಚ್ಚಿ ಎಂದರು ಕೆಲವರು. ಮೋಟರ್‌ಸೈಕಲ್ಲು ಹತ್ತಿ ಜಮಖಂಡಿಯವರೆಗೂ ಬಂದಿದ್ದ ನನ್ನ ಮಾವ ಅಲ್ಲೂ ತೋಳು ಏರಿಸಿಕೊಂಡು ಮುನ್ನುಗ್ಗಿದ. ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ದಬ್ಬಿದೆ. ಸೋದರಮಾವನನ್ನು ದಬ್ಬಿದ್ದಕ್ಕೆ ನನಗೆ ಇವತ್ತಿಗೂ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ.

ಸುಣ್ಣದ ಗೆರೆ ಮಂದಿಯ ಕಾಲಿಗೆ ಸಿಕ್ಕು ಅರ್ಧ ಅಳಿಸಿಹೋಗಿತ್ತು. ವೇದಿಕೆಯ ಮೇಲೆ ಕೊನೆಯ ಬಹುಮಾನದ ಹಾರ ಇನ್ನೂ ತಟ್ಟೆಯಲ್ಲೇ ಇತ್ತು. ಅಕ್ಕ ಗೆರೆ ದಾಟಿದಳು. ಸೈಕಲ್ಲಿನ ಕೆಂಪು ಬಣ್ಣ ಹೆಗಲಿನ ಮೇಲಿಂದ ಎಲ್ಲರಿಗೂ ಕಾಣುತ್ತಿತ್ತು. ಪಂಚರಲ್ಲೊಬ್ಬರು ತಲೆ ಕೆರೆದುಕೊಂಡು, ಹತ್ತಿಕೊಂಡು ಬರಬೇಕಿತ್ತಲ್ಲ, ಹೊತ್ತುಕೊಂಡು ಬಂದರೆ ಹೇಗೆ ಎಂದರು. ನಾನು ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕನಿಗೆ ಉಸಿರು ತಿರುಗಿ ಬಂದಿತ್ತು.

"ಸೈಕಲ್ಲು, ಸವಾರ ಇಬ್ಬರೂ ಕೂಡಿ ಬರಬೇಕಂದ್ರಿ. ಕೂಡೇ ಬಂದೇವಿ."

ಅಧ್ಯಕ್ಷರು ಆ ಕೊನೆಯ ಹಾರ ಎತ್ತದೆ ಇತ್ತಲೇ ನೋಡುತ್ತಿದ್ದರು. ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ತಲೆಯಾಡಿಸಿದರು. ಮರುವರ್ಷದಿಂದ ಹುಡುಗಿಯರು ಹೆಸರು ಕೊಟ್ಟರು, ಈಗಲೂ ಕೊಡುತ್ತಾರೆ, ಅವರಲ್ಲಿ ಅರ್ಧ ಜನಕ್ಕೆ ಅಕ್ಕ ಯಾರೆಂದೂ ಗೊತ್ತಿಲ್ಲ. ಅದು ಒಳ್ಳೆಯದೇ. ನಾನು ಹೇಳಬೇಕೆಂದಿರುವುದು ಆಗ, ಆ ಗಳಿಗೆಯಲ್ಲಿ ನಡೆದದ್ದನ್ನು.

ಅಧ್ಯಕ್ಷರು ಒಂದು ಶಾಲು ತರಿಸಿ, ಇದು ವಿಶೇಷ ಸನ್ಮಾನ, ಮೇಲೆ ಬರ್ರಿ ಎಂದು ಕರೆದರು. ಅಕ್ಕ ಹೋಗಲಿಲ್ಲ. ಸೈಕಲ್ಲು ಹೆಗಲಿನ ಮೇಲೆಯೇ ಇತ್ತು. ಶಾಲು ಬ್ಯಾಡ, ನನ್ನ ನಂಬರ ಎಷ್ಟನೇದು ಹೇಳ್ರಿ ಎಂದಳು. ಅವರು ನಕ್ಕು, ನಂಬರ ಏನವಾ, ಕಡೇದು, ನಿಮ್ಮ ಹಿಂದ ಯಾರೂ ಇಲ್ಲ ಎಂದರು. ಹಾಗಾದರೆ ಅದನ್ನೇ ಎಲ್ಲರ ನಂಬರ ಕೂಗಿದ ಹಾಗೆ ಮೈಕಿನಲ್ಲಿ ಕೂಗಿರಿ ಎಂದಳು ಅಕ್ಕ. ಮೈಕು ಹಿಡಿದಿದ್ದವನು ಬೆಳಗಿನಿಂದ ಹೆಸರು ಕೂಗಿ ಕೂಗಿ ದಣಿದಿದ್ದ. ಆದರೂ ಧ್ವನಿ ಮೆತ್ತಗೆ ಮಾಡಿಕೊಂಡ. ಪಾಪ, ಬನಹಟ್ಟಿಯ ನಮ್ಮ ಅಕ್ಕಾರು, ಪಾಪ, ಎಷ್ಟು ಕಷ್ಟಪಟ್ಟು ಎಂದು ಶುರು ಮಾಡಿದ. ಮಂದಿ ಚಪ್ಪಾಳೆ ಹೊಡೆಯಲು ಕೈ ಎತ್ತಿದರು.

"ಪಾಪ ಅನ್ನೂದು ತಗದು ಇನ್ನೊಮ್ಮೆ ಹೇಳಪಾ."

ಎತ್ತಿದ ಕೈಗಳು ಕೆಳಗಿಳಿದವು. ಅವನು ಮೈಕಿನಿಂದ ಬಾಯಿ ಆಚೆ ತಿರುಗಿಸಿ ಕೆಮ್ಮಿದ. ಆಮೇಲೆ ಗೆದ್ದವನನ್ನು ಕೂಗಿದ್ದ ಅದೇ ಧ್ವನಿಯಲ್ಲಿ ಕೂಗಿದ: ಹೆಸರು, ಊರು, ಕಡೇ ನಂಬರ. ಅಕ್ಕ ಅದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲಷ್ಟೇ ಸೈಕಲ್ಲನ್ನು ಹೆಗಲಿನಿಂದ ಕೆಳಗಿಳಿಸಿದಳು.